ರೈಟ್ ಅನ್ನದೆ ಹೊರಡದ ಆಟಿಕೆ ಕಾರು

ಕಳೆದ ಬೇಸಿಗೆಯ ಒಂದು ಭಾನುವಾರ, ಮುದ್ದೆ ಊಟ ಮುಗಿದ ಹೊತ್ತಿನಲ್ಲಿ, ನಾನು ಮಧುಗಿರಿಯ ಸೋದರಮಾವನ ನಡುಮನೆ ಬಾಗಿಲಲ್ಲಿ ನಿಂತಿದ್ದೆ. ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ. ಯಾವ ಕಾಲು ಎಲ್ಲಿತ್ತೆಂದು ಖಚಿತವಿಲ್ಲ, ಆದ್ದರಿಂದ ಹೇಳುವುದಿಲ್ಲ. ಇಷ್ಟು ಮಾತ್ರ ಖಚಿತ: ಕಾರ್ ರೇಸನ್ನು ನಿಂತಲ್ಲೇ ನಿಂತು ಸೋಲುವವರು ಲೋಕದಲ್ಲಿ ನನ್ನ ಮಾವನೊಬ್ಬರೇ!

ಮಾವ ಪಾವಗಡ ರೂಟಿನಲ್ಲಿ ಬಸ್ ಓಡಿಸಿ ನಿವೃತ್ತರಾದವರು. ಸುಮ್ಮನೆ ಕೂರಲಾಗದೆ ಶಿರಾದ ರಿಪೇರಿ ಅಂಗಡಿಯಿಂದ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯೊಂದನ್ನು ತಂದಿದ್ದರು. ಟಿವಿಗೆ ಸಿಕ್ಕಿಸಿದರೆ ಆಟಿಕೆ ಕಾರುಗಳು ಊಟದ ಮೇಜಿನ ಮೇಲೆ, ತಟ್ಟೆ ಲೋಟಗಳ ಸಂದಿಯಲ್ಲಿ ಓಡುತ್ತವೆ. ಇಬ್ಬರು ಆಡಬಹುದು. ಹಿಂದೆ ಬಿದ್ದು ಪರದೆಯಿಂದ ಮರೆಯಾದ ಕಾರು ಸೋತಂತೆ.

ಮಾವನ ಕಾರು ಹೊರಡುತ್ತಲೇ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಅವರ ಹಳೆಯ ಕಂಡಕ್ಟರು ಇರುತ್ತಿದ್ದರು. ಲಕ್ವ ಹೊಡೆದು ಅವರ ಮಾತು ನಿಂತುಹೋಗಿತ್ತು. ಹೆಂಡತಿ ಮಕ್ಕಳ ಹೆಸರು ಹೇಳಿಸಲು ನೋಡಿ ಮನೆಯವರು ಕೈಬಿಟ್ಟಿದ್ದರು. ಮಾವ ಮಾತ್ರ ಪ್ರತಿ ಭಾನುವಾರ ಕೊಡಿಗೇನಹಳ್ಳಿಯಿಂದ ಅವರನ್ನು ಕರೆತಂದು ಕೂರಿಸುತ್ತಿದ್ದರು. ನನ್ನ ಕಾರು ಸಕ್ಕರೆ ಡಬ್ಬಿ ದಾಟಿದರೂ ಮಾವ ಕಂಡಕ್ಟರ ಮುಖವನ್ನೇ ನೋಡುತ್ತಿದ್ದರು.

“ಕಂಡಕ್ಟ್ರು ರೈಟ್ ಅನ್ನದೆ ಗಾಡಿ ಎತ್ತಕ್ಕಾಯ್ತದೇನ್ಲಾ ಅಳಿಯ?”

ಅತ್ತೆ ಅಡುಗೆಮನೆಯಿಂದಲೇ, “ಅದು ಆಟದ ಗಾಡಿ ಕಣ್ರೀ, ಒಳಗೆ ಯಾರೂ ಕುಂತಿಲ್ಲ,” ಎನ್ನುತ್ತಿದ್ದರು.

“ನೀನು ಹತ್ತಿ ನೋಡಿದ್ಯಾ?”

ಒಮ್ಮೆ ಕನಿಕರದಿಂದ ನಾನೇ ರೈಟ್ ಎಂದೆ. ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಟಿಕೆಟ್ ಹರಿಯಕ್ಕೆ ಬತ್ತದಾ ನಿಂಗೆ?”

ಆ ಭಾನುವಾರ ನನ್ನ ಬದಲು ಅತ್ತೆ ಆಡಲು ಕೂತಿದ್ದರು. ನಾನು ಬಾಗಿಲಲ್ಲಿ ನಿಂತದ್ದು ಅದಕ್ಕೇ. ಅತ್ತೆಯ ಕಾರು ಹೊರಟದ್ದೇ ಮೇಜಿನಿಂದ ಕೆಳಗೆ ಬಿತ್ತು. ಮತ್ತೆ ಬಂತು, ಮತ್ತೆ ಬಿತ್ತು. ಮಾವನ ಕಾರು ನಿಂತೇ ಇತ್ತು. ಆಗ ಕಂಡಕ್ಟರ ಎಡಗೈ ಮೇಲೆದ್ದು, ಬಸ್ಸಿನ ತಗಡು ಬಡಿಯುವಂತೆ ಕುರ್ಚಿಯ ಕೈ ಬಡಿಯಿತು. ಬಾಯಿ ಒಂದು ಕಡೆಗೆ ಎಳೆಯಿತು.

“ರೈ...ಟ್.”

ಮಾವ ಗುಂಡಿ ಒತ್ತಿದರು. ಕಾರು ಎಲ್ಲಿಗೆ ಹೋಯಿತೋ ನಾನು ಕಾಣೆ. ಮಾವನೂ ಪರದೆ ನೋಡುತ್ತಿರಲಿಲ್ಲ.

ಮಳೆಗಾಲದಲ್ಲಿ ಮಾವ ತೀರಿಕೊಂಡರು. ಕಂಡಕ್ಟರು ಬರುವವರೆಗೂ ಕಾದೆವು. ಅವರು ಹೇಳಿದ ಮೇಲೆಯೇ ಚಟ್ಟ ಎತ್ತಿದೆವು. ಆ ಭಾನುವಾರ ಕಂಡವರಲ್ಲಿ ಈಗ ಇರುವವರು ಅತ್ತೆ, ನಾನು, ಮತ್ತು ಕೊಡಿಗೇನಹಳ್ಳಿಯ ಆ ಕಂಡಕ್ಟರು.