ಇಲಿಯ ಮೂತ್ರಕೋಶ, ಅಕ್ಕನ ಕುರ್ಚಿ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಚೀಟಿ. ಬೆಳಿಗ್ಗೆ ಎಲ್ಲರೂ ಅಕ್ಕ ಎಂದೇ ಕರೆಯುವ ಸಹಾಯಕಿ ಪ್ರಯೋಗಶಾಲೆಯ ಬಾಗಿಲು ತೆಗೆದಾಗ ಅದು ಅವಳ ಕುರ್ಚಿಯ ಎದುರಿನ ಗೋಡೆಗೆ ಅಂಟಿಕೊಂಡಿತ್ತು: ‘ಪ್ರಯೋಗ ಮುಗಿಯುವವರೆಗೆ ಕುರ್ಚಿ ಬಿಟ್ಟು ಏಳಕೂಡದು.’ ಅಂಟಿಸಿದವರು ಪ್ರೊಫೆಸರರು. ಅವರಿಗೆ ಮೂವತ್ತೆಂಟು, ಅಕ್ಕನಿಗೆ ಐವತ್ತಮೂರು. ಜಗಳ ಹುಟ್ಟುವುದಕ್ಕೆ ಅಷ್ಟು ಅಂತರ ಧಾರಾಳ ಸಾಕು.

ಪ್ರೊಫೆಸರರ ಸಂಶೋಧನೆಯೇ ಮೂತ್ರಕೋಶದ ಮೇಲೆ. ಇಲಿಯ ಮೂತ್ರಕೋಶದಿಂದ ತೆಗೆದ ಸ್ನಾಯುವಿನ ಎಳೆಯೊಂದನ್ನು ಬೆಚ್ಚಗಿನ ಉಪ್ಪುನೀರಿನ ಗಾಜಿನ ಪಾತ್ರೆಯಲ್ಲಿ ಇಳಿಬಿಟ್ಟು, ಸಿಲಿಂಡರಿನಿಂದ ಆಮ್ಲಜನಕದ ಗುಳ್ಳೆ ಹಾಯಿಸುತ್ತಾರೆ. ಗುಳ್ಳೆ ನಿಂತರೆ ಎಳೆ ಸಾಯುತ್ತದೆ. ಎಳೆ ಬಿಗಿದರೆ, ಅದಕ್ಕೆ ದಾರದಿಂದ ಕಟ್ಟಿದ ಮುಳ್ಳು ಕಾಗದದ ಮೇಲೆ ಗೆರೆಯನ್ನು ಏರಿಸುತ್ತದೆ, ಸಡಿಲಾದರೆ ಇಳಿಸುತ್ತದೆ. ಐದೈದು ನಿಮಿಷಕ್ಕೆ ಗುರುತು ಹಾಕುವುದು ಅಕ್ಕನ ಕೆಲಸ.

ಸ್ನಾಯುವಿನಲ್ಲಿ ರಿಸೆಪ್ಟರ್‌ಗಳು, ಅಂದರೆ ಹಾರ್ಮೋನಿಗೆಂದೇ ಇಟ್ಟ ಪೀಠಗಳು, ಇರುತ್ತವೆ ಎಂದು ಪ್ರೊಫೆಸರರು ಬಂದವರಿಗೆಲ್ಲ ವಿವರಿಸುವುದನ್ನು ಅಕ್ಕ ನೂರು ಸಲ ಕೇಳಿದ್ದಳು. ಹಾರ್ಮೋನು ಬಂದು ಅವುಗಳಲ್ಲಿ ಕೂತರೆ, ಮನೆಯ ಯಜಮಾನಿ ನಡುಮನೆಯಲ್ಲಿ ಕೂತಾಗ ಮಕ್ಕಳು ಇರುವ ಹಾಗೆ ಸ್ನಾಯು ತೆಪ್ಪಗಿರುತ್ತದೆ. ವಯಸ್ಸಾಗಿ ಹಾರ್ಮೋನು ಬರುವುದು ಕಡಿಮೆಯಾದರೆ ಸ್ನಾಯುವಿಗೆ ಹೇಳುವವರು ಕೇಳುವವರು ಇಲ್ಲ. ಇಷ್ಟೆಲ್ಲ ಬಲ್ಲ ಮಹಾನುಭಾವರಿಗೆ, ಎದುರಿಗೇ ಕೂತ ಹೆಂಗಸಿಗೂ ಒಂದು ಮೂತ್ರಕೋಶ ಇದೆ ಎಂದು ಹೊಳೆದಿರಲಿಲ್ಲ. ಅಷ್ಟೆಲ್ಲ ಓದಿ ಏನು ಬಂತು, ಹೇಳಿ.

ಪ್ರಯೋಗಶಾಲೆಗೆ ಸಾಮಾನು ಒದಗಿಸುವ ಸ್ಟೋರಿನ ಮಾಮ ಬಂದು ಚೀಟಿ ಓದಿದರು. ಸಿಲಿಂಡರ್ ಬದಲಿಸಿ ಎಂದು ಅಕ್ಕ ಮೊನ್ನೆಯೇ ಬರೆದುಕೊಟ್ಟಿದ್ದಳು; ಅದನ್ನು ಕೇಳಿದರೆ ‘ಆಗುತ್ತೆ, ಆಗುತ್ತೆ’ ಎಂದರು. ಕೇಳದಿದ್ದರೂ ಸಲಹೆ ಮಾತ್ರ ಕೊಟ್ಟರು.

“ನೀರು ಕುಡೀಬೇಡಿ ಅಕ್ಕ. ಎಲ್ಲ ಸರಿ ಹೋಗುತ್ತೆ.”

ಅಕ್ಕನಿಗೆ ಉರಿದುಹೋಯಿತು. ಅವರ ಮುಖ ನೋಡುತ್ತಲೇ ಎರಡು ದೊಡ್ಡ ಲೋಟ ನೀರನ್ನು ಗಟಗಟನೆ ಕುಡಿದಳು. ಹಟ ಒಳ್ಳೆಯದೇ, ಆದರೆ ಅದೂ ಒಂದು ಗಂಟೆಯಲ್ಲಿ ಕೆಳಗಿಳಿಯುತ್ತದೆ.

ಹನ್ನೊಂದಕ್ಕೆ ಅಕ್ಕನಿಗೆ ಕಿಬ್ಬೊಟ್ಟೆಯ ಒಳಗಿನಿಂದ ಕರೆ ಬಂತು. ಅದೇ ಹೊತ್ತಿಗೆ ಪ್ರೊಫೆಸರರು ಪಾತ್ರೆಗೆ ಹಾರ್ಮೋನು ಹನಿಸಿದರು. ಹೋಗಿಬರಲೇ ಎಂದರೆ, ಕಾಗದದಿಂದ ತಲೆ ಎತ್ತದೆ, ಇನ್ನರ್ಧ ಗಂಟೆ ಎಂದರು. ಅಕ್ಕ ಹಲ್ಲು ಕಚ್ಚಿ ಕಾಲು ಕುಣಿಸತೊಡಗಿದಳು. ಮೊಣಕಾಲು ಪಾತ್ರೆ, ಮುಳ್ಳು ಎಲ್ಲ ಇಟ್ಟ ಮೇಜಿಗೆ ತಗಲುತ್ತಿತ್ತು; ಮೇಜಿಗೋ, ಒಂದು ಕಾಲು ಗಿಡ್ಡ.

ಮುಳ್ಳು ಏರಿತು, ಇಳಿಯಿತು, ಮತ್ತೆ ಏರಿತು. ಹಾರ್ಮೋನು ಬಿದ್ದ ಮೇಲೆ ಸುಮ್ಮನಿರಬೇಕಾದ ಸ್ನಾಯು ಕುಣಿಯುತ್ತಿದೆ, ಇದು ಎಲ್ಲ ಪುಸ್ತಕಗಳಿಗೂ ವಿರುದ್ಧ ಎಂದು ಪ್ರೊಫೆಸರರು ನಿಂತಲ್ಲೇ ಬೆವತರು. ಅಲುಗಾಡಬೇಡಿ ಎಂದು ಅಕ್ಕನಿಗೆ ಎರಡು ಸಲ ಹೇಳಿದರು. ಅಕ್ಕ ಕಾಲು ಬದಲಿಸಿದಳು. ಅಲೆಗಳು ಇನ್ನೂ ಎತ್ತರವಾದವು.

ಹನ್ನೆರಡು ಹೊಡೆಯಿತು. ಅಕ್ಕ ಎದ್ದು ಗೋಡೆಯ ಚೀಟಿಯನ್ನು ಪರ್ರನೆ ಹರಿದಳು.

“ಸಾರ್, ಸತ್ತ ಇಲಿಯ ಮೂತ್ರಕೋಶಕ್ಕೆ ನೀವು ಇಷ್ಟು ಮರ್ಯಾದೆ ಕೊಡ್ತೀರಿ. ನಾನು ಇನ್ನೂ ಬದುಕಿದ್ದೀನಿ. ಹೋಗ್ಲಾ ಅಂತ ಕೇಳ್ತಾ ಇಲ್ಲ, ಹೋಗ್ತೀನಿ ಅಂತ ಹೇಳ್ತಾ ಇದ್ದೀನಿ.”

ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದ ಮಾಮನನ್ನು ರೆಟ್ಟೆ ಹಿಡಿದು ಕುರ್ಚಿಯಲ್ಲಿ ಕೂರಿಸಿ ಹೊರಟಳು. ಕೆಲಸ ಹೋದರೆ ಹೋಗಲಿ.

ಹಗುರಾಗಿ ವಾಪಸು ಬಂದಾಗ ಪ್ರೊಫೆಸರರು ಕಾಗದದ ಸುರುಳಿ ಹಿಡಿದು ನಿಂತಿದ್ದರು. ಅಕ್ಕ ಎದ್ದ ಗಳಿಗೆಯಿಂದ ಗೆರೆ ನೆಟ್ಟಗಾಗಿತ್ತು. ಅಕ್ಕ ಪಾತ್ರೆ ನೋಡಿದಳು. ಒಂದೇ ಒಂದು ಗುಳ್ಳೆ ಇರಲಿಲ್ಲ.

“ಸಿಲಿಂಡರ್ ಖಾಲಿ ಸಾರ್. ಎಳೆ ಯಾವಾಗಲೋ ಸತ್ತಿದೆ. ನೀವು ಬರ್ಕೊಂಡಿದ್ದು ಇಲಿದಲ್ಲ, ನಂದು.”

ಮಾಮನನ್ನು ಎಬ್ಬಿಸಿ ಕೂತು ಕಾಲು ಕುಣಿಸಿ ತೋರಿಸಿದಳು. ಮುಳ್ಳು ಕುಣಿಯಿತು. ಮಾಮ ಸೂರು ನೋಡಿದರು. ಪ್ರೊಫೆಸರರು ಸುರುಳಿಯ ಮೇಲೆ ತಲೆ ಬಗ್ಗಿಸಿದರು. ಕೊನೆಗೂ ಇವರಿಗೆ ನಾಚಿಕೆಯಾಯಿತು, ಇನ್ನು ಕೇಳದೆ ಹೋಗಿಬರಬಹುದು ಎಂದುಕೊಂಡು ಅಕ್ಕ ಸೆರಗು ಸರಿಮಾಡಿಕೊಂಡಳು.

ಪ್ರೊಫೆಸರರು ಕಾಗದ ನೋಡಿದರು, ಅಕ್ಕನನ್ನು ನೋಡಿದರು, ಮೆಲ್ಲಗೆ ಕೇಳಿದರು:

“ನಿಮಗೆ ವಯಸ್ಸೆಷ್ಟು ಅಂದ್ರಿ?”

ಆಮೇಲೆ ಹೊಸ ಚೀಟಿ ಬರೆದರು: ‘ನಾಳೆಯಿಂದ ಇಲಿ ಬೇಡ. ಬೆಳಿಗ್ಗೆ ನಾಲ್ಕು ಲೋಟ ನೀರು. ಅಕ್ಕ ಏಳಕೂಡದು.’

ಅಕ್ಕ ಅದನ್ನೂ ಹರಿದಳು. ಪ್ರೊಫೆಸರರು ಈ ಸಲ ಎರಡು ಪ್ರತಿ ಬರೆದಿದ್ದರು. ಸಿಲಿಂಡರ್ ತರಲು ಮೂರು ದಿನ ಸಾಲದ ಸ್ಟೋರಿನ ಮಾಮ, ನೀರಿನ ಬಿಂದಿಗೆಯನ್ನು ಮಾತ್ರ ಐದೇ ನಿಮಿಷದಲ್ಲಿ ತಂದಿಟ್ಟರು.