ಎಲಿಮಿನೇಟರಿಗೆ ಅಕ್ಷತೆ

ನಮ್ಮ ಕಾಕಾ ಮದುವೆಯ ಹಂದರದಲ್ಲೇ ಗ್ಯಾರಂಟಿ ಕೇಳಿದ ಮಹಾನುಭಾವ. ಗಾಬರಿಯಾಗಬೇಡಿ, ಹೆಣ್ಣಿಗಲ್ಲ, ಮಾವ ಕೊಟ್ಟ ಕೈಗಡಿಯಾರಕ್ಕೆ! ಬಾಸಿಂಗ ಕಟ್ಟಿಕೊಂಡೇ ಗಡಿಯಾರವನ್ನು ಕಿವಿಗೆ ಹಿಡಿದು, "ಮಾವಾರ, ಇದು ನಿಂತ್ರ ಜವಾಬ್ದಾರಿ ಯಾರ್ದು?" ಎಂದು ಕೇಳಿದನಂತೆ. ನಾನಾಗ ಹುಟ್ಟಿರಲಿಲ್ಲ. ಆದರೂ ಈ ಪ್ರಸಂಗವನ್ನು ಕಾಕಾನ ದನಿಯಲ್ಲೂ ಮಾವನ ದನಿಯಲ್ಲೂ ಮಾಡಿ ತೋರಿಸುವುದರಲ್ಲಿ ನಾನು ಪಳಗಿದವನು. ಊರಲ್ಲಿ ಯಾರ ದನಿಯನ್ನೂ ನಾನು ಬಿಟ್ಟಿಲ್ಲ. ಸಾಲೆಯಲ್ಲಿ ಗಣಿತದ ಮಾಸ್ತರರ ದನಿ ತೆಗೆಯುವಾಗ ಅವರೇ ಹಿಂದೆ ಬಂದು ನಿಂತಿದ್ದರು. ಬೆತ್ತ ಬಿದ್ದಾಗ ಹೊರಟದ್ದು ಮಾತ್ರ ನನ್ನ ಸ್ವಂತ ದನಿ!

ಗ್ಯಾರಂಟಿ ಎಂಬುದು ಕಾಕಾನಿಗೆ ಬರೀ ಕಾಗದವಲ್ಲ, ದೇವರೆದುರು ಕೊಟ್ಟ ಭಾಷೆ. ಚಪ್ಪಲಿ ಹೊಲಿಸಿದರೆ ಗ್ಯಾರಂಟಿ, ಗಡಿಗೆ ಕೊಂಡರೆ ಗ್ಯಾರಂಟಿ. ಒಮ್ಮೆ ಬೈಲಹೊಂಗಲದ ಸಂತೆಯಲ್ಲಿ ಬದನೆಕಾಯಿ ಮಾರುವ ಮುದುಕಿಯನ್ನೂ ಬಿಡಲಿಲ್ಲ. "ಒಳಗ ಹುಳಾ ಇಲ್ಲ ಅನ್ನಾಕ ಗ್ಯಾರಂಟಿ ಏನೈತಿ ಬೇ?" ಆಕೆ ತಕ್ಕಡಿ ಕೆಳಗಿಟ್ಟು, "ನಾ ಏನ್ ಒಳಗ ಹೋಗಿ ಬಂದೇನೇನೋ ಯಪ್ಪಾ? ಬೇಕಾರ ನೀನ ಹೋಗಿ ನೋಡ್ಕೊಂಡು ಬಾ" ಎಂದಳು. ಕಾಕಾ ಅಂದು ಬದನೆಕಾಯಿ ಬಿಟ್ಟು ಗಜ್ಜರಿ ತಂದ.

ಇಂಥ ಕಾಕಾನ ಕೈಗೆ ನಿಜವಾದ, ಅಚ್ಚು ಹಾಕಿದ, ಸಿಕ್ಕಾ ಒತ್ತಿದ ಗ್ಯಾರಂಟಿ ಕಾರ್ಡು ಸಿಕ್ಕರೆ ಏನಾಗಬೇಡ? ದೊಡವಾಡದ ನಮ್ಮ ಮನೆಗೆ ಆಗಷ್ಟೇ ಕರೆಂಟು ಬಂದಿತ್ತು. ಟ್ರಾನ್ಸಿಸ್ಟರ್ ರೇಡಿಯೋ ನಾಲ್ಕು ನಾಲ್ಕು ಸೆಲ್ಲುಗಳನ್ನು ಕಡಲೆಯಂತೆ ತಿಂದು ಹಾಕುತ್ತಿತ್ತು. ಸೆಲ್ಲೇ ಬೇಡ, ಗೋಡೆಯ ಕರೆಂಟನ್ನೇ ಹದ ಮಾಡಿ ರೇಡಿಯೋಕ್ಕೆ ಕುಡಿಸುತ್ತದೆ ಎಂದು ಬೈಲಹೊಂಗಲದ ಅಂಗಡಿಯವನು ಒಂದು ಡಬ್ಬಿ ಕೊಟ್ಟ. ಹೆಸರು ಎಲಿಮಿನೇಟರ್. ಗಾಳಿಯಾಡಲೆಂದು ಮೈತುಂಬ ತೂತು. ಒಂದು ವರ್ಷದ ಗ್ಯಾರಂಟಿ! ಕಾಕಾ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಕಾರ್ಡನ್ನು ಎದೆಗವಚಿಕೊಂಡು ಬಸ್ಸು ಹತ್ತಿದ.

ಡಬ್ಬಿ ಚೆನ್ನಾಗಿಯೇ ಕೆಲಸ ಮಾಡಿತು, ದಸರೆಯ ಖಂಡೇ ಪೂಜೆಯ ತನಕ. ಆ ದಿನ ಕುಡಗೋಲು, ಕೊಡಲಿ, ನೇಗಿಲ ಜೊತೆ ಎಲಿಮಿನೇಟರನ್ನೂ ಕಾಕಾ ಕಂಬಳಿಯ ಮೇಲೆ ಕೂಡಿಸಿದ. ವಿಭೂತಿ ಹಚ್ಚಿದ, ಕುಂಕುಮ ಇಟ್ಟ, ಅಕ್ಷತೆ ಹಾಕಿದ, ಕಾಯಿ ಒಡೆದು ನೀರು ಚಿಮುಕಿಸಿದ. ಮರುದಿನ ಗುಂಡಿ ಒತ್ತಿದರೆ "ಗೊರ್ರ್" ಎಂದು ಒಮ್ಮೆ ಗೊರಕೆ ಹೊಡೆದು, ಸುಟ್ಟ ಹೊಗೆ ಬಿಟ್ಟು, ಡಬ್ಬಿ ಶಿವನ ಪಾದ ಸೇರಿತು.

ಬೇರೆ ಹೊತ್ತಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಹಬ್ಬದ ಮುಂಚೆ ಚಿಗವ್ವ, ಅಂದರೆ ಕಾಕಾನ ಹೆಂಡತಿ, ತವರೂರು ಮುರಗೋಡಕ್ಕೆ ಹೋಗಿದ್ದಾಗ ರೇಡಿಯೋದವರು ಬಂದು, ಮಠದ ಅಂಗಳದಲ್ಲಿ ಯಂತ್ರವಿಟ್ಟು ಹೆಂಗಸರ ಬೀಸುವ ಪದಗಳನ್ನು ತುಂಬಿಕೊಂಡು ಹೋಗಿದ್ದರು. ಚಿಗವ್ವನೂ ಹಾಡಿದ್ದಳು. ಬರುವ ಸೋಮವಾರ ಸಂಜೆ ಅದು ಬರುವುದಿತ್ತು. ಒಮ್ಮೆ ಬಂತೆಂದರೆ ಮುಗಿಯಿತು; ಗಾಳಿಯಲ್ಲಿ ಹೋದದ್ದನ್ನು ಯಾರು ಹಿಡಿದು ತರುತ್ತಾರೆ? ಪಂಚಾಯತಿಯಲ್ಲೊಂದು ರೇಡಿಯೋ ಇತ್ತು. ಅಲ್ಲಿ ಗಂಡಸರು ಬೀಡಿ ಸೇದುತ್ತ ಕೂತಿರುತ್ತಿದ್ದರು, ಚಿಗವ್ವ ಆ ಕಡೆ ಹಾಯುವವಳಲ್ಲ.

"ಕಾಕಾ, ನಾಲ್ಕು ಸೆಲ್ ತಂದು ಹಾಕೂಣಲ್ಲ?" ಎಂದೆ.

"ಹುಚ್ಚ ಅದೀಯೇನಲೇ? ಸೆಲ್ ಹಾಕಿದ್ರ ಕಂಪನಿ ಗೆದ್ದಂಗ! ಗ್ಯಾರಂಟಿ ಮಾಲು ಐತಿ. ಅದ ಹಾಡಬೇಕು."

ಚಿಗವ್ವನ ಮುಖ ಸಪ್ಪಗಾದದ್ದನ್ನು ನೋಡಲಾರದೆ, ಅಂದು ಸಂಜೆ ನಾನೇ ಸತ್ತ ರೇಡಿಯೋದ ಹಿಂದೆ ಕೂತು ವಾರ್ತೆ ಓದಿದೆ. ವಾರ್ತೆ ಓದುವವರ ಆ ಗಂಭೀರ ದನಿ, ಆ ತೂಕ! "ನವಿಲುತೀರ್ಥದ ನೀರು ಕಾಲುವೆಗೆ ಬಿಡಲಾಗಿದೆ. ದೊಡವಾಡದ ಗೃಹಸ್ಥರೊಬ್ಬರು ಎಲಿಮಿನೇಟರಿಗೆ ನೈವೇದ್ಯ ಹಿಡಿಯುವುದೊಂದು ಬಾಕಿ ಇದೆ ಎಂದು ತಿಳಿದುಬಂದಿದೆ..." ಚಿಗವ್ವ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಅಷ್ಟರಲ್ಲಿ ದನದ ಕೊಟ್ಟಿಗೆಯಿಂದ ಕಾಕಾ ಸೆಗಣಿ ಕೈಯಲ್ಲೇ ಓಡಿ ಬಂದ.

"ನಾ ಹೇಳಿದ್ನಿಲ್ಲ? ತನ್ನಷ್ಟಕ್ಕ ತಾನ ರಿಪೇರಿ ಆತು ನೋಡು! ಇದಕ್ಕ ಅಂತಾರ ಗ್ಯಾರಂಟಿ!"

ರೇಡಿಯೋದ ಹಿಂದಿನಿಂದ ನನ್ನ ತಲೆ ಮೇಲೆದ್ದಿತು. ಸೆಗಣಿ ಕೈ ನನ್ನ ಬೆನ್ನಿಗೆ ಬಿತ್ತು. ವಾರ್ತೆ ಅಲ್ಲಿಗೆ ಮುಕ್ತಾಯವಾಯಿತು.

ಮರುದಿನ ಬೆಳಗ್ಗೆಯೇ ಬೈಲಹೊಂಗಲಕ್ಕೆ ದಂಡಯಾತ್ರೆ. ಕಾರ್ಡು ಇಂಗ್ಲಿಷಿನಲ್ಲಿದ್ದುದರಿಂದ ನಾನು ವಕೀಲ. ಅಂಗಡಿಯವನು ಡಬ್ಬಿಯ ಸ್ಕ್ರೂ ಬಿಚ್ಚಿ ಬೋರಲು ಹಾಕಿದ. ಟಣ್, ಟಣ್! ಗಾಜಿನ ಮೇಜಿನ ಮೇಲೆ ಅಕ್ಕಿಕಾಳು ಉದುರಿದವು. ಹಿಂದೆಯೇ ಕುಂಕುಮ. ಅದರ ಹಿಂದೆ ಚಿಟಿಕೆ ವಿಭೂತಿ.

"ಯಜಮಾನ್ರ, ಇದು ಎಲಿಮಿನೇಟರೋ, ಪೂಜಿ ತಾಟೋ?"

"ಖಂಡೇ ಪೂಜಿ ಮಾಡೇನ್ರಿ. ಯಾಕ, ತಪ್ಪೇನು?"

"ಗ್ಯಾರಂಟಿ ಕ್ಯಾನ್ಸಲ್ಲು!"

ಕಾಕಾ ಗೋಡೆಗೆ ಬೆರಳು ಮಾಡಿದ. ಅಲ್ಲಿದ್ದ ರೇಡಿಯೋ, ಫ್ಯಾನು, ಇಸ್ತ್ರಿಪೆಟ್ಟಿಗೆ, ಪ್ರತಿಯೊಂದರ ಹಣೆಯ ಮೇಲೂ ಕುಂಕುಮ! "ಸಾವಕಾರ್ರ, ಮೊದ್ಲ ಇವಕ್ಕೆಲ್ಲಾ ಕ್ಯಾನ್ಸಲ್ ಮಾಡ್ರಿ. ನೀವೂ ಪೂಜಿ ಮಾಡೀರಿ."

"ನಾವು ಮ್ಯಾಲ ಹಚ್ಚೇವ್ರಿ. ನೀವು ಒಳಗ ಉಣಿಸೀರಿ!"

ಇಲ್ಲಿ ಯಾರೇ ಆದರೂ ಸೋಲಬೇಕು. ಕಾಕಾ ಸೋಲುವನೆ? "ಲೇ ತಮ್ಮಾ, ಓದು. ಪೂಜಿ ಮಾಡಬಾರದು ಅಂತ ಎಲ್ಲೆರ ಬರದಾರೇನು?" ನಾನು ಗಂಟಲು ಸರಿಮಾಡಿಕೊಂಡು, ಇಂಗ್ಲಿಷ್ ವಾರ್ತೆಯ ದನಿಯಲ್ಲಿ ಕಾರ್ಡು ಓದಿದೆ. ಬೆಂಕಿ ತಗುಲಿದರೆ ಗ್ಯಾರಂಟಿಯಿಲ್ಲ, ಕೆಡವಿದರೆ ಇಲ್ಲ, ಸಿಡಿಲು ಬಡಿದರೆ ಇಲ್ಲ. ನೀರಿನ ಸಾಲು ಬಂದಾಗ ನನಗೆ ಜೋರು ಕೆಮ್ಮು ಬಂತು. ದೊಡ್ಡ ದೊಡ್ಡ ರೇಡಿಯೋದವರಿಗೂ ಹೀಗಾಗುತ್ತದಲ್ಲವೆ? ಅಕ್ಷತೆಯ ಸುದ್ದಿ ಮಾತ್ರ ನಿಜವಾಗಿಯೂ ಎಲ್ಲಿಯೂ ಇರಲಿಲ್ಲ. ಅಷ್ಟು ಹೊತ್ತಿಗೆ ಅಂಗಡಿಯ ಮುಂದೆ ಜನ ಕೂಡಿ, "ಪೂಜಿಗೆ ಗ್ಯಾರಂಟಿ ಹೋಗೂದು ಎಲ್ಲಿಯ ನ್ಯಾಯರಿ?" ಎಂದು ಗಲಾಟೆ ಎಬ್ಬಿಸಿದ್ದರು.

"ಆತು ಬಿಡ್ರಿ ಮಹಾರಾಯ್ರ! ಹುಬ್ಬಳ್ಳಿಗೆ ಕಳಸ್ತೇನಿ. ಹೊಸಾ ಡಬ್ಬಿ ಬರಾಕ ಹದಿನೈದು ದಿನ ಬೇಕು."

ಕಾಕಾ ಗೆದ್ದ! ಅಂಗಡಿಯ ಮುಂದೆ ಸೇರಿದ್ದವರಿಗೆಲ್ಲ ಕೈಮುಗಿದು, ಮೀಸೆ ತಿರುವಿ, ಎರಡು ಹೆಜ್ಜೆ ಇಟ್ಟವನು ಗಕ್ಕನೆ ನಿಂತ. "ಸಾವಕಾರ್ರ, ಸೋಮವಾರ?"

"ಸೋಮವಾರದ ಗ್ಯಾರಂಟಿ ನಾ ಹ್ಯಾಂಗ ಕೊಡ್ಲಿರಿ? ನಾಲ್ಕು ಸೆಲ್ ಒಯ್ಯಿರಿ."

"ಬ್ಯಾಡ್ರಿ" ಎಂದ ಕಾಕಾ. ಬಸ್ಸಿನಲ್ಲಿ ಊರ ತನಕ ಮೀಸೆಗೆ ಕೈ ಹಚ್ಚಲಿಲ್ಲ. ಗೆದ್ದವರು ಹಾಗೆ ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು.

ಸೋಮವಾರ ಸಂಜೆ ಚಿಗವ್ವ ಬೇಗ ರೊಟ್ಟಿ ಬಡಿದಿಟ್ಟು, ತಲೆ ಬಾಚಿಕೊಂಡು, ರೇಡಿಯೋದ ಮೇಲಿನ ಧೂಳು ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಕಾಕಾ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ.

"ಹೋಗ್ಲಿ ಬಿಡ್ರಿ," ಎಂದಳು ಅವನತ್ತ ತಿರುಗದೆ, "ನನ್ನ ದನಿ ನಾ ದಿನಾ ಕೇಳತೇನಲ್ಲ. ಅದರಾಗೇನೈತಿ?"

ಕಾಕಾ ಚಪ್ಪಲಿ ಸಹ ಮೆಟ್ಟದೆ ಹೊರಬಿದ್ದ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಅವನ ದನಿ ಕೇಳಿಸಿತು: "ಏ ಅಣ್ಣಾ, ನಿನ್ನ ಬ್ಯಾಟ್ರಿ ತಗಿ! ಅಯ್ಯ ಯಕ್ಕಾ, ನಿನ್ನ ಮಗನ ಬ್ಯಾಟ್ರಿ ಎಲ್ಲೈತಿ?" ಹೊಲಕ್ಕೆ ಒಯ್ಯುವ ಕೈಬ್ಯಾಟರಿಗಳ ಹೊಟ್ಟೆ ಬಗೆದು, ಸೆಲ್ಲುಗಳನ್ನು ಧೋತರದ ಮಡಿಲಲ್ಲಿ ತುಂಬಿಕೊಂಡು ಬಂದ. ನಾಲ್ಕೇ ಬೇಕಿದ್ದರೂ ತಂದದ್ದು ಮಡಿಲು ತುಂಬ! ತಮ್ಮ ಸೆಲ್ಲುಗಳ ಬೆನ್ನು ಹತ್ತಿ ಓಣಿಯ ಜನವೂ ಬಂದು ಪಡಸಾಲೆಯಲ್ಲಿ ಕೂತರು.

"ಕಂಪನಿ ಗೆದ್ದಂಗಾತಲ್ಲ ಕಾಕಾ?" ಎಂದು ನಾನು ಕುಟುಕಿದೆ.

"ಇವು ಕಡಾ ತಂದದ್ದಲೇ, ಕೊಂಡದ್ದಲ್ಲ. ಸುಮ್ನ ಹಾಕು!"

ರೇಡಿಯೋ ಬಾಯಿ ಬಿಟ್ಟಿತು. ಬೀಸುವ ಕಲ್ಲಿನ ಗರಗರ, ಅದರ ಮೇಲೆ ಒಂದು ಹೆಣ್ಣುದನಿ.

"ಯಾರೋ ಚಲೋ ಹಾಡ್ತಾಳ," ಎಂದಳು ಚಿಗವ್ವ.

"ನೀನ ಅದೀಯಲ್ಲ ಹುಚ್ಚೀ!" ಎಂದು ಕಾಕಾ ಗದರಿಸಿದ. ಪಡಸಾಲೆಯೆಲ್ಲ ನಕ್ಕಿತು. ಹಾಡು ಮುಂದೆ ಸಾಗಿತು. ಮಠದ ಅಜ್ಜನನ್ನು ನೆನೆಯಿತು, ತವರನ್ನು ನೆನೆಯಿತು, ಹೊಲದಿಂದ ದಣಿದು ಬರುವವನ ಕಾಲಿಗೆ ಬಿಸಿನೀರು ಕಾಯಿಸಿ ಇಟ್ಟಿತು. ಬರುವವನು ಯಾರು? ಅಲ್ಲಿ, ಆ ಸಾಲಿನ ತುದಿಯಲ್ಲಿ, ತೇಲಿ ಬಂತು ನಮ್ಮ ಕಾಕಾನ ಹೆಸರು.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಹಬ್ಬ ಹುಣ್ಣಿಮೆಗೆ ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರು ಸೇರಿಸಿ ಹೇಳುವವರುಂಟು. ಚಿಗವ್ವ ಅಲ್ಲಿಯೂ ನಾಚಿ ಎದ್ದು ಓಡುವವಳು. ಮುರಗೋಡದ ಅಂಗಳದಲ್ಲಿ, ಅವನಿಲ್ಲವೆಂಬ ಧೈರ್ಯದಲ್ಲಿ ಅಂದುಬಿಟ್ಟಿದ್ದಳು. ಈಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಯಾರೂ ನಗಲಿಲ್ಲ. ಕಾಕಾ ಮಾತ್ರ ಯಾರೋ ಕೂಗಿ ಕರೆದಂತೆ ಎದ್ದು ನಿಂತಿದ್ದ. ಹಾಡು ಮುಗಿದು ಬೀಜ ಗೊಬ್ಬರದ ಮಾತು ಶುರುವಾದರೂ ಕೂಡಲಿಲ್ಲ.

ಮರುದಿನ ನಸುಕಿನಲ್ಲಿ ನುಚ್ಚು ಒಡೆಯುವ ಬೀಸುಕಲ್ಲಿನ ಸದ್ದಿಗೆ ನನಗೆ ಎಚ್ಚರವಾಯಿತು. ಬಾಗಿಲ ಸಂದಿಯಿಂದ ನೋಡಿದೆ. ಬಿಸಿಲು ಮೈಮೇಲೆ ಬಿದ್ದ ಹೊರತು ಏಳದ ನಮ್ಮ ಕಾಕಾ ಚಿಗವ್ವನ ಎದುರು ಕಾಲು ಚಾಚಿ ಕೂತು, ಗೂಟದ ಮೇಲೆ ಅವಳ ಕೈಯ ಕೆಳಗೆ ತನ್ನ ಕೈಯಿಟ್ಟು ಬೀಸುತ್ತಿದ್ದ. ಅವಳು ಹಾಡುತ್ತಿದ್ದಳು. ಆ ಸಾಲು ಬಂದಾಗ ಅವಳ ದನಿ ತಗ್ಗಿತು.

ಕಾಕಾ ಕಲ್ಲು ನಿಲ್ಲಿಸಿ, ಕಿವಿ ಮುಂದೆ ಮಾಡಿದ.