ಅತ್ತೆಯ ಕೆಸರು

ನಮ್ಮ ಸೋದರತ್ತೆ ಮನೆಗೆ ಬರುವ ಮೊದಲು ಅವರ ವಾಸನೆ ಬರುತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಾವೆಲ್ಲ ಆಗ ಮದರಾಸಿನಲ್ಲಿ ಒಂದೇ ಮನೆಯಲ್ಲಿದ್ದೆವು. ವಾರವಿಡೀ ಅಲ್ಲಿಯ ವಿಮಾ ಕಚೇರಿಯೊಂದರಲ್ಲಿ ಇಸ್ತ್ರಿ ಸೀರೆ, ಮುಡಿಗೆ ಕನಕಾಂಬರ. ಭಾನುವಾರ ಬಂತೆಂದರೆ ಅದೇ ಮಹಾತಾಯಿ ಊರಾಚೆ ಸಮುದ್ರದಂಚಿನ ಎಣ್ಣೂರಿನ ಹಿನ್ನೀರಿನಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ! ಸಂಜೆ ಅವರು ಬೀದಿಯ ತಿರುವಿನಲ್ಲಿರುವಾಗಲೇ ಅಮ್ಮ ಹಿತ್ತಲ ಬಾಗಿಲು ತೆಗೆದು ಬಕೆಟ್ಟಿನಲ್ಲಿ ನೀರು ತುಂಬಿಡುತ್ತಿದ್ದರು.

ಅಷ್ಟು ಕೆಸರಿನಲ್ಲಿ ಅವರಿಗೇನು ಕೆಲಸ? ಗಿಡ ನೆಡುತ್ತಿದ್ದರು. ಉಪ್ಪುನೀರಿನಲ್ಲಿ ಬೆಳೆಯುವ ಮರಗಳವು. ನಮ್ಮ ಕುಂದಾಪುರದ ಕಡೆ ಕಾಂಡ್ಲಾ ಅನ್ನುತ್ತಾರೆ. ತಮಿಳರು ಅಲೆಯಾತ್ತಿ, ಅಂದರೆ ಅಲೆಯನ್ನು ಸಮಾಧಾನ ಮಾಡುವ ಮರ ಅನ್ನುತ್ತಾರೆ. ಎಪ್ಪತ್ತರ ದಶಕದಲ್ಲಿ ಸೌದೆಗೆಂದು ಕಡಿದೂ ಕಡಿದೂ ಅಲ್ಲಿಯ ಒಂದು ದಂಡೆ ಬೋಳಾಗಿತ್ತು. ಅದನ್ನು ಮತ್ತೆ ಹಸಿರು ಮಾಡುವ ಹೊಣೆಯನ್ನು ಅತ್ತೆಗೆ ಯಾರು ವಹಿಸಿದರೋ ಗೊತ್ತಿಲ್ಲ.

ಅದರ ಬೀಜ ನೋಡಲು ದಪ್ಪ ಅವರೆಕಾಳಿನಂತೆ. ಒಮ್ಮೆ ಅತ್ತೆ ನೆನೆಹಾಕಿದ್ದ ಬೀಜಗಳನ್ನು ಅಮ್ಮ ಅವರೆಕಾಳೇ ಎಂದುಕೊಂಡು ಹುಳಿಗೆ ಹಾಕಿಬಿಟ್ಟರು. ಮೊದಲ ತುತ್ತಿಗೇ ಅಪ್ಪ ಕಷಾಯ ಕುಡಿದವರ ಹಾಗೆ ಮುಖ ಕಿವಿಚಿದರು. ಅತ್ತೆ ಮಾತ್ರ ಎದ್ದುಹೋಗಿ, ಪಾತ್ರೆಯಲ್ಲಿ ಸೌಟು ಆಡಿಸಿ, ಬೇಯದೆ ಉಳಿದ ಬೀಜ ಏನಾದರೂ ಇದೆಯೇ ಎಂದು ಹುಡುಕತೊಡಗಿದರು.

ಇನ್ನೊಮ್ಮೆ ಕಚೇರಿಯವರನ್ನೆಲ್ಲ ಪಿಕ್‌ನಿಕ್ಕಿಗೆ ಕರೆದೊಯ್ದರು. ಪಾಪ, ಅವರು ಮರಳ ದಂಡೆಯನ್ನು ನೆನೆದು ಹೊರಟಿದ್ದರು. ಮ್ಯಾನೇಜರು ಹೊಸ ಬೂಟಿನೊಂದಿಗೆ ಕೆಸರಿಗಿಳಿದು ಒಂದೇ ಬೂಟಿನೊಂದಿಗೆ ಮೇಲೆ ಬಂದರು. ಮುಂದಿನ ಸೋಮವಾರ ಅತ್ತೆ ಅವರಿಗೆ ಗಂಭೀರವಾಗಿ ವರದಿ ಒಪ್ಪಿಸಿದರಂತೆ: ಬೂಟು ಸಿಕ್ಕಿದೆ, ಆದರೆ ಅದರಲ್ಲಿ ಏಡಿಯೊಂದು ಸಂಸಾರ ಹೂಡಿದೆ, ಈಗ ಎಬ್ಬಿಸುವುದು ಸರಿಯಲ್ಲ.

ಈ ಕಥೆಗಳಿಗೆ ಇಡೀ ಮನೆ ನಗುತ್ತಿತ್ತು, ರೈಲ್ವೆ ಗುಮಾಸ್ತರಾಗಿದ್ದ ಅಪ್ಪನೊಬ್ಬರನ್ನು ಬಿಟ್ಟು. ತಾವು ತಂದ ಸಂಬಂಧವನ್ನು ತಂಗಿ ಒಲ್ಲೆ ಎಂದ ದಿನದಿಂದ ಅಪ್ಪ ಅವರೊಡನೆ ನೇರ ಮಾತು ಬಿಟ್ಟಿದ್ದರು. ಒಂದೇ ಮನೆಯಲ್ಲಿದ್ದು, ಎದುರುಬದುರು ಊಟಕ್ಕೆ ಕೂತು, ಹೇಳಬೇಕಾದ್ದನ್ನು ಅಮ್ಮನ ಬಾಯಿಂದ ಹೇಳಿಸುತ್ತಿದ್ದರು.

ಎಂಬತ್ತರ ದಶಕದ ಆರಂಭದ ಮಾತು. ಗಿಡಗಳು ಸೊಂಟದೆತ್ತರ ಬಂದಿದ್ದವು. ಯಾವನೋ ಕಂಟ್ರಾಕ್ಟರು ಲಾರಿಗಟ್ಟಲೆ ಕಟ್ಟಡದ ಮಣ್ಣು ತಂದು ಕಾಲುವೆಯ ಬಾಯಿಗೆ ಸುರಿದ. ಸಮುದ್ರದ ಉಬ್ಬರದ ನೀರು ಒಳಗೆ ಬರುವುದು ನಿಂತಿತು. ಕೆಸರು ಬಿರುಕು ಬಿಟ್ಟಿತು, ಎಲೆಗಳು ಹಳದಿಯಾದವು, ಕೊಕ್ಕರೆಗಳು ಬೇರೆ ಕಡೆ ಹೋದವು. ಅಲ್ಲಿ ನೀರಿನಲ್ಲಿ ಕೂತು ಕೈಯಿಂದ ತಡಕಿ ಸಿಗಡಿ ಹಿಡಿಯುವ ಹೆಂಗಸರ ಬುಟ್ಟಿ ಬರಿದಾಯಿತು.

ಅತ್ತೆಗೆ ಊಟ ಸೇರದಾಯಿತು. ರಜೆ ಹಾಕಿ ಕಚೇರಿಯಿಂದ ಕಚೇರಿಗೆ ಅಲೆದರು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಕೊನೆಗೆ ದೊಡ್ಡ ಅಧಿಕಾರಿಯೊಬ್ಬರನ್ನು ಕಾಣಲು, ಅಮ್ಮನ ಒತ್ತಾಯಕ್ಕೆ, ಅಪ್ಪನೂ ಹೊರಟರು. ಕಾಲೇಜಿನಲ್ಲಿದ್ದ ನಾನೂ ಜೊತೆಗಿದ್ದೆ. ಅಧಿಕಾರಿ ಅತ್ತೆಯ ಮಾತನ್ನು ಅರ್ಧಕ್ಕೇ ತಡೆದು, ಅದು ಸುಮ್ಮನೆ ಬಿದ್ದಿರುವ ಜಾಗ ಎಂದರು.

“ಅಂಗೆ ಯಾರಮ್ಮಾ ಇರುಕ್ಕಾಂಗ?” ಅಲ್ಲಿ ಯಾರಿದ್ದಾರೆ ಎಂದು ಕೇಳಿದರು.

ಅಧಿಕಾರಿಗಳ ಎದುರು ಎಂದೂ ಕುರ್ಚಿಯ ತುದಿಯಲ್ಲೇ ಕೂರುವ ನಮ್ಮಪ್ಪ ಎದ್ದು ನಿಂತರು.

“ಎನ್ ತಂಗಚ್ಚಿ ಇರುಕ್ಕಾ, ಸಾರ್,” ಎಂದರು. ನನ್ನ ತಂಗಿ ಇದ್ದಾಳೆ.

ಅನುಮತಿಯೇನೂ ಸಿಗಲಿಲ್ಲ. ಆದರೂ ಮುಂದಿನ ಭಾನುವಾರ ಅಪ್ಪ ಪಂಚೆ ಎತ್ತಿಕಟ್ಟಿ ಗುದ್ದಲಿ ಹಿಡಿದು ಹೊರಟರು. ಸಿಗಡಿ ಹಿಡಿಯುವ ಮುನಿಯಮ್ಮ ತನ್ನ ಕೇರಿಯ ಹೆಂಗಸರನ್ನೆಲ್ಲ ಕರೆತಂದಿದ್ದಳು. ಕಂಟ್ರಾಕ್ಟರಿನ ಕಾವಲುಗಾರ ಬಂದು ಕೂಗಾಡಿದ. ಯಾರೂ ತಲೆ ಎತ್ತದ್ದನ್ನು ನೋಡಿ ನೆರಳು ಹುಡುಕಿಕೊಂಡು ಹೋದ. ಎಲ್ಲರೂ ಅಗೆದರು, ಬುಟ್ಟಿಯಲ್ಲಿ ಮಣ್ಣು ಹೊತ್ತರು. ಮಧ್ಯಾಹ್ನದ ಉಬ್ಬರಕ್ಕೆ ನೀರು ಬಂತು. ಮೊದಲು ಬೆರಳಗಲ, ಆಮೇಲೆ ಮೊಳದಗಲ, ನೊರೆ ತಳ್ಳಿಕೊಂಡು, ಬಿರುಕುಗಳನ್ನು ತುಂಬುತ್ತ ಬಂತು. ಮುನಿಯಮ್ಮ ಅದರಲ್ಲೇ ಕುಕ್ಕರಿಸಿ ನೀರನ್ನು ಕೈಯಿಂದ ಸವರಿದಳು.

ಎಲ್ಲ ಗಿಡಗಳೂ ಬದುಕಲಿಲ್ಲ. ಬದುಕಿದವು ತಾವೇ ಬೀಜ ಉದುರಿಸುವಷ್ಟು ದೊಡ್ಡವಾದವು. ಸಿಗಡಿ ಬಂತು, ತಡವಾಗಿ ಕೊಕ್ಕರೆಗಳೂ ಬಂದವು.

ನಾನು ಮರೆಯಲಾರದ್ದು ಮಾತ್ರ ಆ ಮಧ್ಯಾಹ್ನವನ್ನು. ಯಾವುದೋ ಚಿಪ್ಪು ಅತ್ತೆಯ ಪಾದವನ್ನು ಸೀಳಿತ್ತು. ನೀರು ನೋಡುವ ಭರದಲ್ಲಿ ಅವರಿಗೆ ತಿಳಿದೇ ಇರಲಿಲ್ಲ. ಅಪ್ಪ ಅವರನ್ನು ದಂಡೆಯ ಮೇಲೆ ಕೂರಿಸಿದರು. ಕುಡಿಯಲು ತಂದಿದ್ದ ನೀರಿನಿಂದ ಪಾದ ತೊಳೆದು, ಹೆಗಲ ಮೇಲಿನ ಟವೆಲು ಹರಿದು ಕಟ್ಟಿದರು.

“ನೋವಾತ್ತಾ?” ಎಂದು ಅತ್ತೆಯನ್ನೇ ಕೇಳಿದರು.

“ಇಲ್ಲೆ, ಅಣ್ಣಯ್ಯ,” ಎಂದರು ಅತ್ತೆ. ಹಾಗೆಂದವರು, ಅಷ್ಟು ಜನ ಹೆಂಗಸರ ಎದುರು, ಪುಟ್ಟ ಹುಡುಗಿಯ ಹಾಗೆ ಅತ್ತುಬಿಟ್ಟರು. ಅಪ್ಪ ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತ, ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದರು.